ಎಂಟು ಮಿನಿಟಿನ ಅಂತರ: ಮಂಗಳದ ಕಕ್ಷೆ ಕೈಗೆ ಸಿಕ್ಕಿದ ಬಗೆ



ಗ್ರಹಗಳು ಸೂರ್ಯನನ್ನು ದೀರ್ಘವೃತ್ತಾಕಾರದ ಕಕ್ಷೆಗಳಲ್ಲಿ ಸುತ್ತುತ್ತವೆ, ಸೂರ್ಯ ಆ ದೀರ್ಘವೃತ್ತದ ಒಂದು ನಾಭಿಯಲ್ಲಿದ್ದಾನೆ ಎಂಬ ಮಾತನ್ನು ನೀವೆಲ್ಲ ಪಠ್ಯಪುಸ್ತಕದಲ್ಲಿ ಓದಿದ್ದೀರಿ. ಪರೀಕ್ಷೆಯಲ್ಲಿ ಬರೆದು ಎರಡು ಅಂಕಗಳನ್ನೂ ಪಡೆದಿರಬಹುದು. ಆದರೆ ಒಂದು ಕ್ಷಣ ನಿಂತು ಕೇಳಿಕೊಳ್ಳಿ: ಇದು ಯಾರಿಗೆ, ಹೇಗೆ ತಿಳಿಯಿತು? ಸೌರವ್ಯೂಹದ ಹೊರಗೆ ಹೋಗಿ ನಿಂತು, ಅಲ್ಲಿಂದ ಗ್ರಹಗಳ ದಾರಿಯನ್ನು ನೋಡಿ ಬಂದವರು ಯಾರೂ ಇಲ್ಲ. ನಿಯಮ ಕಂಡುಹಿಡಿದವನ ಬಳಿ ದೂರದರ್ಶಕವಿರಲಿಲ್ಲ, ಗಡಿಯಾರಗಳು ನೆಚ್ಚುವಂತಿರಲಿಲ್ಲ. ಇದ್ದದ್ದು ಕಣ್ಣಳತೆಯ ಕೆಲವು ಕೋನಗಳು ಮತ್ತು ಹಠ ಬಿಡದ ಲೆಕ್ಕಾಚಾರ. ಆ ಕಥೆಯನ್ನು ಇಲ್ಲಿ ಹಂತಹಂತವಾಗಿ ನೋಡೋಣ. ಪೆನ್ಸಿಲು, ಕೋನಮಾಪಕ, ಕೈವಾರ ಹತ್ತಿರವಿಟ್ಟುಕೊಂಡು ಓದಿದರೆ ಇನ್ನೂ ಒಳ್ಳೆಯದು.

ಆಕಾಶ ಹೇಳುವುದೆಷ್ಟು, ಮುಚ್ಚಿಡುವುದೆಷ್ಟು?

ರಾತ್ರಿ ಮಂಗಳ ಗ್ರಹವನ್ನು ನೋಡಿದಾಗ ನಿಮಗೆ ತಿಳಿಯುವುದು ಒಂದೇ ಸಂಗತಿ: ಅದು ಯಾವ ದಿಕ್ಕಿನಲ್ಲಿದೆ ಎಂಬುದು. ಮಖಾ ನಕ್ಷತ್ರದಿಂದ ಇಷ್ಟು ಡಿಗ್ರಿ ಪೂರ್ವಕ್ಕೆ, ಇಷ್ಟು ಡಿಗ್ರಿ ಉತ್ತರಕ್ಕೆ ಎಂದು ಅಳೆಯಬಹುದು. ಎಷ್ಟು ದೂರದಲ್ಲಿದೆ ಎಂದು ಮಾತ್ರ ಆಕಾಶ ಹೇಳುವುದಿಲ್ಲ. ಇದು ಮೊದಲನೆಯ ತೊಡಕು.

ಎರಡನೆಯದು ಇನ್ನೂ ದೊಡ್ಡದು. ನೋಡುತ್ತಿರುವ ನಾವೇ ಚಲಿಸುತ್ತಿದ್ದೇವೆ. ಓಡುವ ಬಸ್ಸಿನಲ್ಲಿ ಕುಳಿತು ಪಕ್ಕದ ರಸ್ತೆಯ ಇನ್ನೊಂದು ಬಸ್ಸನ್ನು ನೋಡಿದಂತೆ. ನಮ್ಮ ಬಸ್ಸು ಅದನ್ನು ಹಿಂದೆ ಹಾಕುವಾಗ ಅದೇ ಹಿಮ್ಮುಖವಾಗಿ ಚಲಿಸಿದಂತೆ ಕಾಣುತ್ತದೆ. ಪಂಚಾಂಗದಲ್ಲಿ ನೀವು ಓದುವ ಕುಜನ ವಕ್ರಗತಿ ಹುಟ್ಟುವುದು ಹೀಗೆ. ಮಂಗಳದ ನಿಜವಾದ ದಾರಿ ತಿಳಿಯಬೇಕಾದರೆ ಅದರ ತೋರಿಕೆಯ ಚಲನೆಯಿಂದ ಭೂಮಿಯ ಚಲನೆಯನ್ನು ಕಳೆಯಬೇಕು. ಭೂಮಿಯ ಚಲನೆಯೂ ನಿಖರವಾಗಿ ತಿಳಿಯದಿದ್ದರೆ ಕಳೆಯುವುದು ಏನನ್ನು?

ಅಳೆದವನು ಒಬ್ಬ, ಲೆಕ್ಕ ಹಾಕಿದವನು ಇನ್ನೊಬ್ಬ

ಡೆನ್ಮಾರ್ಕಿನ ಟೈಕೊ ಬ್ರಾಹೆ (1546-1601) ಶ್ರೀಮಂತ ಮನೆತನದವನು. 1576ರಲ್ಲಿ ಅಲ್ಲಿನ ದೊರೆ ಎರಡನೆಯ ಫ್ರೆಡರಿಕ್ ಅವನಿಗೆ ವೆನ್ ಎಂಬ ದ್ವೀಪವನ್ನು ಕೊಟ್ಟ. ಅಲ್ಲಿ ಟೈಕೊ ಯುರಾನಿಬೋರ್ಗ್ ಎಂಬ ವೀಕ್ಷಣಾಲಯ ಕಟ್ಟಿಸಿ, ಗೋಡೆಯಷ್ಟು ದೊಡ್ಡ ಕೋನಮಾಪಕಗಳನ್ನು ನಿಲ್ಲಿಸಿ, ಇಪ್ಪತ್ತು ವರ್ಷ ಕಾಲ ಗ್ರಹಗಳ ಸ್ಥಾನಗಳನ್ನು ಬರೆದಿಟ್ಟ. ಒಂದು ಡಿಗ್ರಿಯ ಅರವತ್ತನೆಯ ಒಂದು ಪಾಲಿಗೆ ಮಿನಿಟು ಎಂದು ಹೆಸರು. ನಮ್ಮ ಹಳೆಯ ಜ್ಯೋತಿಷ ಗ್ರಂಥಗಳು ಇದನ್ನೇ 'ಕಲೆ' ಎನ್ನುತ್ತವೆ. ಕಾಲದ ಮಿನಿಟಿಗೂ ಇದಕ್ಕೂ ಸಂಬಂಧವಿಲ್ಲ. ಟೈಕೊನ ಒಳ್ಳೆಯ ವೀಕ್ಷಣೆಗಳಲ್ಲಿ ತಪ್ಪು ಒಂದೆರಡು ಮಿನಿಟಿಗಿಂತ ಹೆಚ್ಚಿರುತ್ತಿರಲಿಲ್ಲ. ಹುಣ್ಣಿಮೆಯ ಚಂದ್ರನ ಅಗಲ ಸುಮಾರು 30 ಮಿನಿಟು ಎಂದರೆ ಆ ಕಣ್ಣಿನ ಹರಿತ ನಿಮಗೆ ಅರ್ಥವಾದೀತು.

ಯೊಹಾನ್ನೆಸ್ ಕೆಪ್ಲರ್ (1571-1630) ಜರ್ಮನಿಯ ಬಡ ಸಂಸಾರದ ಹುಡುಗ. ಬಾಲ್ಯದಲ್ಲಿ ಸಿಡುಬು ಬಂದು ಕಣ್ಣು ಮಂಜಾಗಿತ್ತು. ಆಕಾಶವನ್ನು ಅಳೆಯಲು ಅವನ ಕಣ್ಣು ಸಾಲದು, ಆದರೆ ಲೆಕ್ಕಕ್ಕೆ ಕಣ್ಣು ಮುಖ್ಯವಲ್ಲವಲ್ಲ! ಗ್ರಾಟ್ಸ್ ಊರಿನಲ್ಲಿ ಗಣಿತದ ಮೇಷ್ಟರಾಗಿದ್ದ ಅವನು 1600ರ ಫೆಬ್ರವರಿಯಲ್ಲಿ, ಆಗ ಪ್ರಾಗ್ ಬಳಿಗೆ ಬಂದು ನೆಲೆಸಿದ್ದ ಟೈಕೊನನ್ನು ಕಂಡ. ಟೈಕೊ ಅವನ ಪಾಲಿಗೆ ಹಾಕಿದ್ದು ಎಲ್ಲಕ್ಕಿಂತ ಮೊಂಡು ಗ್ರಹವಾದ ಮಂಗಳವನ್ನು. ಎಂಟು ದಿನಗಳಲ್ಲಿ ಮುಗಿಸಿಬಿಡುತ್ತೇನೆ ಎಂದು ಕೆಪ್ಲರ್ ಪಂಥ ಕಟ್ಟಿದನಂತೆ. ಹಿಡಿದದ್ದು ಐದು ವರ್ಷ. ಮರುವರ್ಷವೇ ಟೈಕೊ ತೀರಿಕೊಂಡ. ಅವನ ದಾಖಲೆಗಳು ಕೆಪ್ಲರನ ಕೈಗೆ ಬಂದವು.

ಮೊದಲ ಕೀಲಿಕೈ: 687 ದಿನ

ಕೆಲವೊಮ್ಮೆ ಸೂರ್ಯ, ಭೂಮಿ, ಮಂಗಳ ಇದೇ ಕ್ರಮದಲ್ಲಿ ಒಂದೇ ಸಾಲಿಗೆ ಬರುತ್ತವೆ. ಆಗ ಸೂರ್ಯ ಪಶ್ಚಿಮದಲ್ಲಿ ಮುಳುಗುವ ಹೊತ್ತಿಗೆ ಮಂಗಳ ಪೂರ್ವದಲ್ಲಿ ಮೂಡುತ್ತದೆ. ಇದನ್ನು ವಿಯುತಿ ಎನ್ನೋಣ. ಒಂದು ವಿಯುತಿಯಿಂದ ಮುಂದಿನದಕ್ಕೆ ಸರಾಸರಿ 780 ದಿನ. ಈ ಒಂದು ಅಂಕಿಯಿಂದ ಮಂಗಳದ ವರ್ಷವನ್ನು ನೀವೇ ಲೆಕ್ಕ ಹಾಕಬಹುದು.

780 ದಿನಗಳಲ್ಲಿ ಭೂಮಿ ಸೂರ್ಯನನ್ನು 780 ÷ 365.25, ಅಂದರೆ 2.1355 ಸುತ್ತು ಬರುತ್ತದೆ. ಮಂಗಳವನ್ನು ಮತ್ತೆ ಹಿಡಿಯಬೇಕಾದರೆ ಭೂಮಿ ಅದಕ್ಕಿಂತ ಸರಿಯಾಗಿ ಒಂದು ಸುತ್ತು ಹೆಚ್ಚು ಓಡಿರಬೇಕು. ಹಾಗಾದರೆ ಅಷ್ಟೇ ಕಾಲದಲ್ಲಿ ಮಂಗಳ ಓಡಿದ್ದು 1.1355 ಸುತ್ತು. 780ನ್ನು 1.1355ರಿಂದ ಭಾಗಿಸಿ. ಸಿಗುವುದು ಸುಮಾರು 687 ದಿನ. ಯಾವ ದೂರವನ್ನೂ ಅಳೆಯದೆ ಮಂಗಳದ ವರ್ಷ ಸಿಕ್ಕಿಬಿಟ್ಟಿತು.

ಸರಾಸರಿ ಎಂಬ ಪದವನ್ನು ಗಮನಿಸಿ. 2018ರ ಜುಲೈ 27ರ ವಿಯುತಿಯಿಂದ 2020ರ ಅಕ್ಟೋಬರ್ 13ರ ವಿಯುತಿಗೆ 809 ದಿನ. 2025ರ ಜನವರಿ 16ರಿಂದ 2027ರ ಫೆಬ್ರವರಿ 19ಕ್ಕೆ 764 ದಿನ. ಎರಡು ಗ್ರಹಗಳೂ ಒಂದೇ ವೇಗದಲ್ಲಿ, ಸೂರ್ಯನೇ ಕೇಂದ್ರವಾದ ವೃತ್ತಗಳಲ್ಲಿ ಓಡುತ್ತಿದ್ದರೆ ಈ ಅಂತರ ಯಾವಾಗಲೂ ಒಂದೇ ಇರಬೇಕಿತ್ತು. 45 ದಿನಗಳ ವ್ಯತ್ಯಾಸ ಏನನ್ನೋ ಹೇಳುತ್ತಿದೆ. ಮಂಗಳ ಒಂದು ಕಡೆ ಬೇಗ, ಇನ್ನೊಂದು ಕಡೆ ನಿಧಾನ. ಇದು ಗ್ರೀಕರಿಗೂ ಗೊತ್ತಿತ್ತು, ನಮ್ಮ ಪ್ರಾಚೀನ ಗಣಿತಜ್ಞರಿಗೂ ಗೊತ್ತಿತ್ತು. ಅದಕ್ಕಾಗಿ ಅವರು ವೃತ್ತದ ಮೇಲೆ ವೃತ್ತ ಕೂಡಿಸಿ, ಕೇಂದ್ರವನ್ನು ಪಕ್ಕಕ್ಕೆ ಸರಿಸಿ ಲೆಕ್ಕ ಹೊಂದಿಸುತ್ತಿದ್ದರು.

ಹೊಂದಿಕೊಂಡ ಲೆಕ್ಕ, ಹೊಂದದ ಎಂಟು ಮಿನಿಟು

ಕೆಪ್ಲರನೂ ಮೊದಲು ಹಳೆಯ ದಾರಿಯನ್ನೇ ಹಿಡಿದ. ಮಂಗಳದ ಕಕ್ಷೆ ಒಂದು ವೃತ್ತ. ಸೂರ್ಯ ಅದರ ಕೇಂದ್ರದಲ್ಲಿಲ್ಲ, ಸ್ವಲ್ಪ ಪಕ್ಕಕ್ಕಿದ್ದಾನೆ. ಕೇಂದ್ರದ ಆಚೆಬದಿಯಲ್ಲಿ ಇನ್ನೊಂದು ಬಿಂದು ಇದೆ, ಅಲ್ಲಿಂದ ನೋಡಿದವನಿಗೆ ಗ್ರಹದ ಚಲನೆ ಒಂದೇ ಸಮನಾಗಿ ಕಾಣುತ್ತದೆ. ಹೀಗೆ ಭಾವಿಸಿ, ಟೈಕೊನ ದಾಖಲೆಗಳಿಂದ ನಾಲ್ಕು ವಿಯುತಿಗಳನ್ನು ಆರಿಸಿಕೊಂಡ. ವಿಯುತಿಯೇ ಏಕೆ? ಆ ಹೊತ್ತಿನಲ್ಲಿ ಭೂಮಿಯಿಂದ ಮಂಗಳ ಕಾಣುವ ದಿಕ್ಕೂ ಸೂರ್ಯನಿಂದ ಕಾಣುವ ದಿಕ್ಕೂ ಒಂದೇ. ಭೂಮಿಯ ಚಲನೆಯ ತಂಟೆ ಅಲ್ಲಿಲ್ಲ.

ಆದರೂ ಲೆಕ್ಕ ನೇರವಾಗಿ ಬಿಡಿಸುವಂಥದ್ದಲ್ಲ. ಒಂದು ಬೆಲೆ ಊಹಿಸಬೇಕು, ಕೊನೆಯವರೆಗೆ ಲೆಕ್ಕ ಮಾಡಬೇಕು, ಹೊಂದದಿದ್ದರೆ ಊಹೆ ತಿದ್ದಿ ಮತ್ತೆ ಮೊದಲಿನಿಂದ. ಎಪ್ಪತ್ತು ಸಲ ಮಾಡಿದೆನೆಂದು ಕೆಪ್ಲರ್ ಬರೆದುಕೊಂಡಿದ್ದಾನೆ. ಓದಿ ನಿಮಗೆ ಬೇಸರವಾದರೆ, ಮಾಡಿದ ನನ್ನ ಮೇಲೆ ಕನಿಕರವಿರಲಿ ಎಂಬರ್ಥದ ಮಾತನ್ನೂ ಸೇರಿಸಿದ್ದಾನೆ. ಅಂತೂ ಫಲ ಬಂತು. ಲಭ್ಯವಿದ್ದ ಹನ್ನೆರಡು ವಿಯುತಿಗಳೂ ಎರಡೇ ಮಿನಿಟಿನ ಒಳಗೆ ಹೊಂದಿಕೊಂಡವು.

ಬೇರೆ ಯಾರೇ ಆಗಿದ್ದರೂ ಇಲ್ಲಿಗೆ ಪುಸ್ತಕ ಮುಚ್ಚುತ್ತಿದ್ದರು. ಕೆಪ್ಲರ್ ಇನ್ನೊಂದು ಪರೀಕ್ಷೆ ಮಾಡಿದ. ಮಂಗಳದ ಕಕ್ಷೆ ಭೂಕಕ್ಷೆಯ ಸಮತಲಕ್ಕೆ ಎರಡು ಡಿಗ್ರಿಗಿಂತ ತುಸು ಕಡಿಮೆ ಓರೆಯಾಗಿದೆ. ಆದ್ದರಿಂದ ವಿಯುತಿಯ ಸಮಯದಲ್ಲಿ ಅದು ಎಷ್ಟು ಉತ್ತರಕ್ಕೆ ಅಥವಾ ದಕ್ಷಿಣಕ್ಕೆ ಕಾಣುತ್ತದೆ ಎಂಬುದರಿಂದ ಅದರ ದೂರವನ್ನು ತಿಳಿಯಬಹುದು. ಹಾಗೆ ಪಡೆದ ದೂರ ಅವನ ವೃತ್ತದ ದೂರಕ್ಕೆ ಹೊಂದಲಿಲ್ಲ. ದೂರ ಸರಿಹೋಗುವಂತೆ ವೃತ್ತದ ಕೇಂದ್ರವನ್ನು ತಿದ್ದಿದರೆ ದಿಕ್ಕು ತಪ್ಪುತ್ತಿತ್ತು. ಎಷ್ಟು? ಎಂಟು ಮಿನಿಟು.

ಎಂಟು ಮಿನಿಟು ಎಂದರೆ ಎರಡೂವರೆ ಸೆಂಟಿಮೀಟರ್ ಅಗಲದ ಬಿಲ್ಲೆಯೊಂದನ್ನು ಹನ್ನೊಂದು ಮೀಟರ್ ಆಚೆ ಇಟ್ಟು ನೋಡಿದಷ್ಟು. ಟಾಲೆಮಿಯ ಕಾಲದ ವೀಕ್ಷಣೆಗಳಲ್ಲಿ ಹತ್ತು ಮಿನಿಟಿನ ತಪ್ಪು ಸಹಜವಾಗಿತ್ತು. ಅವುಗಳನ್ನೇ ಬಳಸಿದ್ದರೆ ಈ ಎಂಟು ಮಿನಿಟು ಕಣ್ಣಿಗೇ ಬೀಳುತ್ತಿರಲಿಲ್ಲ. ಆದರೆ ಇವು ಟೈಕೊನ ವೀಕ್ಷಣೆಗಳು. ಟೈಕೊ ಎಂಟು ಮಿನಿಟು ತಪ್ಪುವವನಲ್ಲ ಎಂದು ಕೆಪ್ಲರನಿಗೆ ಖಚಿತವಾಗಿ ಗೊತ್ತಿತ್ತು. ಅಂದಮೇಲೆ ತಪ್ಪಿರುವುದು ವೃತ್ತ.

ಇಲ್ಲಿ ನಿಮ್ಮ ಪ್ರಯೋಗಶಾಲೆಯನ್ನು ನೆನಪಿಸಿಕೊಳ್ಳಿ. ಸರಳ ಲೋಲಕದ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷ 980ರ ಹತ್ತಿರ ಬರಬೇಕೆಂದು ಎಲ್ಲರಿಗೂ ಗೊತ್ತು. ನಿಮ್ಮ ಲೆಕ್ಕದಲ್ಲಿ 940 ಬಂತು. ಗಂಟೆ ಬಾರಿಸಲು ಐದು ನಿಮಿಷವಿದೆ. ಪಕ್ಕದವನ ರೆಕಾರ್ಡ್ ಪುಸ್ತಕದಲ್ಲಿ 978 ಇದೆ. ಆಂದೋಲನ ಕಾಲವನ್ನು ಸ್ವಲ್ಪವೇ ಸ್ವಲ್ಪ ತಿದ್ದಿದರೆ ನಿಮ್ಮದೂ ಸರಿಹೋಗುತ್ತದೆ, ಸಹಿಯೂ ಬೀಳುತ್ತದೆ. ನಾವೆಲ್ಲ ಆ ಆಸೆಯನ್ನು ಕಂಡವರೇ. ಕೆಪ್ಲರನ ಮುಂದಿದ್ದದ್ದೂ ಅದೇ ಆಸೆ, ಅದೂ ಎಪ್ಪತ್ತು ಸಲ ಲೆಕ್ಕ ಮಾಡಿ ದಣಿದ ಮೇಲೆ. ಆತ ತನ್ನ ದುಡಿಮೆಯನ್ನು ಬದಿಗಿಟ್ಟು ಮತ್ತೆ ಮೊದಲಿನಿಂದ ಶುರುಮಾಡಿದ. ಖಗೋಳ ವಿಜ್ಞಾನವನ್ನೆಲ್ಲ ಹೊಸದಾಗಿ ಕಟ್ಟುವ ದಾರಿಯನ್ನು ತೋರಿದ್ದು ಈ ಎಂಟು ಮಿನಿಟುಗಳೇ ಎಂದು ಮುಂದೆ ಅವನೇ ಬರೆದ.

ಮಂಗಳಕ್ಕೆ ಹೋಗಿ ಭೂಮಿಯನ್ನು ನೋಡಿದ್ದು

ಹೊಲ ಅಳೆಯುವವನು ಮೊದಲು ತಾನು ನಿಂತ ಜಾಗ ಯಾವುದೆಂದು ಗೊತ್ತುಮಾಡಿಕೊಳ್ಳಬೇಕು. ಕೆಪ್ಲರ್ ಈಗ ಮಂಗಳವನ್ನು ಬಿಟ್ಟು ಭೂಮಿಯನ್ನು ಅಳೆಯಲು ಹೊರಟ. ಅವನ ಉಪಾಯವನ್ನು ಸಾವಧಾನವಾಗಿ ನೋಡಿ, ಇಡೀ ಕಥೆಯಲ್ಲಿ ಇದೇ ಸೊಗಸಾದ ಭಾಗ.

ಮಂಗಳ 687 ದಿನಗಳಿಗೊಮ್ಮೆ ಬಾಹ್ಯಾಕಾಶದಲ್ಲಿ ಅದೇ ಜಾಗಕ್ಕೆ ಮರಳುತ್ತದೆ. ಕಕ್ಷೆಯ ಆಕಾರ ಏನೇ ಇರಲಿ, ಈ ಮಾತು ನಿಜ. ಆದರೆ ಭೂಮಿ ಅದೇ ಜಾಗದಲ್ಲಿರುವುದಿಲ್ಲ. ಎರಡು ಪೂರ್ಣ ಸುತ್ತಿಗೆ 730.5 ದಿನ ಬೇಕು. 687 ದಿನಗಳ ಕೊನೆಗೆ 43.5 ದಿನಗಳ ಓಟ ಬಾಕಿ. ಅಂದರೆ ಭೂಮಿ ಸುಮಾರು 43 ಡಿಗ್ರಿ ಹಿಂದಿರುತ್ತದೆ. ಹೀಗಾಗಿ 687 ದಿನಗಳ ಅಂತರದ ವೀಕ್ಷಣೆಗಳನ್ನೇ ಆರಿಸಿಕೊಂಡರೆ ಮಂಗಳ ಕದಲದ ದೀಪಸ್ತಂಭವಾಗುತ್ತದೆ. ಸೂರ್ಯ ಇನ್ನೊಂದು ಕದಲದ ದೀಪ. ಭೂಮಿ ಮಾತ್ರ ಬೇರೆ ಬೇರೆ ಜಾಗಗಳಲ್ಲಿರುತ್ತದೆ. ಟೈಕೊನ ದಾಖಲೆಗಳಿಂದ ಕೆಪ್ಲರ್ ಹೆಕ್ಕಿದ್ದು 1590ರ ಮಾರ್ಚ್, 1592ರ ಜನವರಿ, 1593ರ ಡಿಸೆಂಬರ್, 1595ರ ಅಕ್ಟೋಬರ್ ತಿಂಗಳುಗಳ ಇಂಥ ನಾಲ್ಕು ವೀಕ್ಷಣೆಗಳನ್ನು.

ಈಗ ತ್ರಿಕೋನ ಬರೆಯಿರಿ. ಸೂರ್ಯ, ಮಂಗಳ, ಭೂಮಿ ಅದರ ಮೂರು ಶೃಂಗಗಳು. ಸೂರ್ಯ–ಮಂಗಳ ಬಾಹು ಬದಲಾಗದು. ಅದನ್ನು 100 ಎಂದುಕೊಳ್ಳಿ. ಭೂಮಿಯಲ್ಲಿರುವ ಕೋನ ಆಕಾಶದಲ್ಲಿ ಸೂರ್ಯನಿಗೂ ಮಂಗಳಕ್ಕೂ ಇರುವ ಅಂತರ. ಅದು ವೀಕ್ಷಣೆಯಿಂದ ಸಿಗುತ್ತದೆ. ಸೂರ್ಯನಲ್ಲಿರುವ ಕೋನ? ಭೂಮಿಯಿಂದ ಸೂರ್ಯ ಕಾಣುವ ದಿಕ್ಕಿಗೆ ನೇರ ಎದುರಿನ ದಿಕ್ಕೇ ಸೂರ್ಯನಿಂದ ಭೂಮಿ ಕಾಣುವ ದಿಕ್ಕು. ಸೂರ್ಯನಿಂದ ಮಂಗಳ ಕಾಣುವ ದಿಕ್ಕು ಅವನ ಹಿಂದಿನ ಲೆಕ್ಕದಿಂದಲೇ ಗೊತ್ತು. ದೂರದಲ್ಲಿ ಸೋತ ಆ ಲೆಕ್ಕ ದಿಕ್ಕಿನಲ್ಲಿ ಮಾತ್ರ ಗೆದ್ದಿತ್ತಲ್ಲವೆ? ಎರಡು ಕೋನ, ಒಂದು ಬಾಹು ತಿಳಿದ ಮೇಲೆ ಉಳಿದದ್ದನ್ನು ಸೈನ್ ಸೂತ್ರ ಕೊಡುತ್ತದೆ.

ಒಂದು ಸರಳ ಉದಾಹರಣೆ. ಒಂದು ವಿಯುತಿಯಿಂದ 687 ದಿನ ಕಳೆದಿದೆ. ಸೂರ್ಯನಲ್ಲಿ ಕೋನ 43 ಡಿಗ್ರಿ. ಭೂಮಿಯಲ್ಲಿ ಅಳೆದದ್ದು 96 ಡಿಗ್ರಿ ಎಂದಿರಲಿ. ಮಂಗಳದಲ್ಲಿ ಉಳಿಯುವುದು 41 ಡಿಗ್ರಿ. 41 ಡಿಗ್ರಿಯ ಸೈನ್ 0.656, 96 ಡಿಗ್ರಿಯದು 0.995. ಭಾಗಿಸಿದರೆ 0.66. ಮಂಗಳದ ದೂರ 100 ಆದರೆ ಭೂಮಿಯ ದೂರ 66. ಇದೇ ಕ್ರಮದಲ್ಲಿ ಇನ್ನಷ್ಟು ತ್ರಿಕೋನಗಳು, ಭೂಮಿಯ ಇನ್ನಷ್ಟು ಸ್ಥಾನಗಳು. ಬಿಂದುಗಳನ್ನು ಕೂಡಿಸಿದರೆ ನಮ್ಮದೇ ಮನೆಯ ದಾರಿ ಕಾಗದದ ಮೇಲೆ ಮೂಡುತ್ತದೆ!

ಆ ದಾರಿ ಹೆಚ್ಚುಕಡಿಮೆ ವೃತ್ತವೇ. ಆದರೆ ಸೂರ್ಯ ನಟ್ಟನಡುವೆ ಇರಲಿಲ್ಲ. ಇಂದಿನ ಅಳತೆಯಂತೆ ತ್ರಿಜ್ಯದ ಅರವತ್ತರಲ್ಲಿ ಒಂದು ಪಾಲಿನಷ್ಟು ಪಕ್ಕಕ್ಕಿದ್ದಾನೆ. ಸೂರ್ಯನಿಗೆ ಹತ್ತಿರವಾದಾಗ ಭೂಮಿ ಬೇಗ, ದೂರವಾದಾಗ ನಿಧಾನ. ಉಳಿದ ಗ್ರಹಗಳ ನಡೆಯೇ ಭೂಮಿಯದೂ ಆಗಿತ್ತು. ಭೂಮಿಯೂ ಒಂದು ಗ್ರಹ ಎಂಬ ಕೊಪರ್ನಿಕಸನ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಸೂರ್ಯನಿಂದ ಗ್ರಹಕ್ಕೆ ಎಳೆದ ರೇಖೆ ಸಮಾನ ಕಾಲಗಳಲ್ಲಿ ಸಮಾನ ವಿಸ್ತೀರ್ಣಗಳನ್ನು ಆವರಿಸುತ್ತದೆ ಎಂಬ ನಿಯಮ ಅವನಿಗೆ ಹೊಳೆದದ್ದು ಈ ವೇಗದ ಏರಿಳಿತದ ಹಿಂದೆ ಬಿದ್ದಾಗ. ನಾವು ಎರಡನೆಯದೆಂದು ಓದುವ ನಿಯಮ ಅವನಿಗೆ ಮೊದಲು ಸಿಕ್ಕಿತು.

ಮರಳಿ ಮಂಗಳಕ್ಕೆ

ಈಗ ಭೂಮಿ ಯಾವ ದಿನ ಎಲ್ಲಿದೆ ಎಂದು ಗೊತ್ತು. ಅದೇ ಉಪಾಯವನ್ನು ತಿರುಗಿಸಿ ಹಾಕಿ. 687 ದಿನಗಳ ಅಂತರದ ಎರಡು ವೀಕ್ಷಣೆಗಳಲ್ಲಿ ಭೂಮಿಯ ಎರಡು ಸ್ಥಾನಗಳಿಂದ ಮಂಗಳದ ಕಡೆಗೆ ಎರಡು ಗೆರೆಗಳನ್ನೆಳೆಯಿರಿ. ಅವು ಕೂಡುವಲ್ಲಿ ಮಂಗಳವಿದೆ. ಇನ್ನೊಂದು ಜೋಡಿ, ಇನ್ನೊಂದು ಬಿಂದು.

ಹೀಗೆ ಸಿಕ್ಕ ದೂರಗಳು ವೃತ್ತದ ಎರಡು ತುದಿಗಳಲ್ಲಿ ಹೊಂದಿದವು, ಪಕ್ಕಗಳಲ್ಲಿ ಮಾತ್ರ ಒಳಕ್ಕೆ ಸರಿದಿದ್ದವು. ಕಕ್ಷೆ ಪಕ್ಕದಲ್ಲಿ ಅದುಮಿದಂತಿತ್ತು. ಮೊಟ್ಟೆಯಾಕಾರವಿರಬಹುದೆಂದು ಕೆಪ್ಲರ್ ಬಹುಕಾಲ ಹೆಣಗಿದ. ವೃತ್ತದ ತ್ರಿಜ್ಯ 1,00,000 ಆದರೆ ಪಕ್ಕದ ತಗ್ಗು 429 ಎಂದು ಲೆಕ್ಕ ಹೇಳಿತು. ಒಂದು ದಿನ ಬೇರೆಯೇ ಕೋಷ್ಟಕ ನೋಡುತ್ತಿದ್ದಾಗ 5 ಡಿಗ್ರಿ 18 ಮಿನಿಟಿನ ಸೀಕೆಂಟ್ 1,00,429 ಎಂಬುದು ಕಣ್ಣಿಗೆ ಬಿತ್ತು. ಆ ಕೋನವಾದರೋ ಮಂಗಳದ ಲೆಕ್ಕದಲ್ಲಿ ಮೊದಲೇ ಬಂದಿತ್ತು. ನಿದ್ದೆಯಿಂದ ಎಚ್ಚೆತ್ತಂತಾಯಿತೆಂದು ಅವನು ಹೇಳುತ್ತಾನೆ. ಆಮೇಲೂ ಒಮ್ಮೆ ಎಡವಿ, 1605ರಲ್ಲಿ ಕೊನೆಗೂ ದೀರ್ಘವೃತ್ತಕ್ಕೆ ಬಂದು ತಲುಪಿದ. ಸೂರ್ಯ ಅದರ ನಾಭಿಯಲ್ಲಿದ್ದ. ಈ ಹೋರಾಟದ ದಾಖಲೆಯಾದ 'ಆಸ್ಟ್ರೊನೊಮಿಯ ನೋವಾ', ಅಂದರೆ 'ಹೊಸ ಖಗೋಳ ವಿಜ್ಞಾನ', ಟೈಕೊನ ವಾರಸುದಾರರೊಡನೆ ತಗಾದೆಯಾಗಿ ತಡವಾಗಿ, 1609ರಲ್ಲಿ ಹೊರಬಂತು.

ಪುಸ್ತಕಗಳಲ್ಲಿ ಕೋಳಿಮೊಟ್ಟೆಯಂತೆ ಬರೆಯುವ ಕಕ್ಷೆಯ ಚಿತ್ರಗಳನ್ನು ನಂಬಬೇಡಿ. ಮಂಗಳದ ಕಕ್ಷೆಯನ್ನು 10 ಸೆಂಟಿಮೀಟರ್ ತ್ರಿಜ್ಯದ ಅಳತೆಯಲ್ಲಿ ಬರೆದರೆ ಸೂರ್ಯ ಕೇಂದ್ರದಿಂದ 9 ಮಿಲಿಮೀಟರಿಗೆ ತುಸು ಹೆಚ್ಚು ಸರಿದಿರುತ್ತಾನೆ. ಪಕ್ಕದ ತಗ್ಗು ಅರ್ಧ ಮಿಲಿಮೀಟರೂ ಇಲ್ಲ, ನಿಮ್ಮ ಪೆನ್ಸಿಲಿನ ಗೆರೆಯಷ್ಟು. ಎರಡು ಸಾವಿರ ವರ್ಷಗಳ ವೃತ್ತವನ್ನು ಮುರಿದದ್ದು ಅಷ್ಟೇ ತಗ್ಗು!

ದೇವರಲ್ಲ, ಮನುಷ್ಯ

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಕೆಪ್ಲರನ ಪುಸ್ತಕವನ್ನು ಇಂಗ್ಲಿಷಿಗೆ ಅನುವಾದಿಸಿದ ವಿಲಿಯಂ ಡೊನಾಹ್ಯೂ ಅದರ ಲೆಕ್ಕಗಳನ್ನು ಮತ್ತೆ ಮಾಡಿ ನೋಡಿ, 1988ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು. ಪುಸ್ತಕದ ಒಂದು ಕೋಷ್ಟಕದಲ್ಲಿ, ವೀಕ್ಷಣೆಗಳಿಂದ ಪಡೆದವೆಂಬಂತೆ ಕೊಟ್ಟಿದ್ದ ದೂರಗಳು ನಿಜಕ್ಕೂ ಸಿದ್ಧಾಂತದಿಂದಲೇ ಲೆಕ್ಕ ಹಾಕಿದವು! ಎಂಟು ಮಿನಿಟನ್ನು ಬಿಟ್ಟುಕೊಡದ ಮನುಷ್ಯನೇ ಮತ್ತೊಂದು ಕಡೆ ಲೆಕ್ಕವನ್ನು ಚೊಕ್ಕಟ ಮಾಡಿ ತೋರಿಸಿದ್ದ. ಇದರಿಂದ ದೀರ್ಘವೃತ್ತ ಸುಳ್ಳಾಗುವುದಿಲ್ಲ. ಆದರೆ ಯಾರ ಲೆಕ್ಕವನ್ನಾದರೂ, ಅವನು ಕೆಪ್ಲರನೇ ಆಗಿರಲಿ, ಮತ್ತೆ ಮಾಡಿ ನೋಡಬೇಕು ಎಂಬ ಪಾಠ ಇದರಲ್ಲಿದೆ.

ಸಿದ್ಧಾಂತದ ನಿಜವಾದ ಪರೀಕ್ಷೆ ಮುಂದಾಗುವುದನ್ನು ಹೇಳುವುದು. ಕೆಪ್ಲರ್ 1627ರಲ್ಲಿ ಪ್ರಕಟಿಸಿದ ಗ್ರಹ ಕೋಷ್ಟಕಗಳ ಆಧಾರದಿಂದ, 1631ರ ನವೆಂಬರ್ 7ರಂದು ಬುಧ ಗ್ರಹ ಸೂರ್ಯಬಿಂಬದ ಮುಂದೆ ಹಾದುಹೋಗುತ್ತದೆ ಎಂದು ತಿಳಿಸಿದ್ದ. ಅದೇ ದಿನ ಪ್ಯಾರಿಸ್ಸಿನಲ್ಲಿ ಗಸೆಂಡಿ ಎಂಬ ವಿದ್ವಾಂಸ ಸೂರ್ಯನ ಮೇಲೆ ಆ ಪುಟ್ಟ ಕಪ್ಪು ಚುಕ್ಕೆಯನ್ನು ಕಂಡ. ಅದನ್ನು ಕೇಳಿ ಸಂತೋಷಪಡಲು ಕೆಪ್ಲರ್ ಉಳಿದಿರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದ.

ಆಮೇಲಿನ ಕಥೆ ನಿಮಗೆ ಗೊತ್ತಿರಬಹುದು. 1687ರಲ್ಲಿ ನ್ಯೂಟನ್ ದೀರ್ಘವೃತ್ತದ ಹಿಂದಿನ ಕಾರಣವನ್ನು ಹೇಳಿದ. 1801ರಲ್ಲಿ ಪಿಯಾಜ್ಜಿ ಕಂಡು, ನಂತರ ಸೂರ್ಯನ ಬೆಳಕಿನಲ್ಲಿ ಕಳೆದುಹೋದ ಸೆರೆಸ್ ಎಂಬ ಕಾಯದ ಕಕ್ಷೆಯನ್ನು ಇಪ್ಪತ್ತನಾಲ್ಕರ ತರುಣ ಗೌಸ್ ಮೂರೇ ವೀಕ್ಷಣೆಗಳಿಂದ ಲೆಕ್ಕ ಹಾಕಿದ. ವರ್ಷ ಮುಗಿಯುವುದರೊಳಗೆ ಅದು ಅವನು ಹೇಳಿದ ಜಾಗದ ಹತ್ತಿರವೇ ಸಿಕ್ಕಿತು. 2014ರ ಸೆಪ್ಟೆಂಬರ್ 24ರಂದು ನಮ್ಮ ಮಂಗಳಯಾನ ಮಂಗಳದ ಕಕ್ಷೆ ಸೇರಿತಷ್ಟೆ. ಅದು ಸಾಗಿದ ದಾರಿಯೂ ಸೂರ್ಯನನ್ನು ನಾಭಿಯಾಗುಳ್ಳ ದೀರ್ಘವೃತ್ತವೇ. ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿರುವ 32 ಮೀಟರಿನ ಆಂಟೆನಾ ಅದರ ಜಾಡನ್ನು ಹಿಡಿದಿತ್ತು. ಕಣ್ಣಿನ ಬದಲು ರೇಡಿಯೋ ಅಲೆ, ಕೋನದ ಜೊತೆಗೆ ದೂರ ಮತ್ತು ವೇಗ. ವೀಕ್ಷಣೆಯನ್ನು ಲೆಕ್ಕದೊಡನೆ ಹೋಲಿಸಿ, ವ್ಯತ್ಯಾಸ ಕಂಡರೆ ಕಕ್ಷೆಯನ್ನು ತಿದ್ದುವ ಕ್ರಮ ಮಾತ್ರ ಹಳೆಯದೇ.

ನೀವೇ ಮಾಡಿ ನೋಡಿ

5 ಸೆಂಟಿಮೀಟರ್ ತ್ರಿಜ್ಯದ ವೃತ್ತವೊಂದನ್ನು ಬರೆಯಿರಿ. ಅದು ಭೂಮಿಯ ಕಕ್ಷೆ. ನಡುವೆ ಸೂರ್ಯ. ಸೂರ್ಯನಿಂದ 7.6 ಸೆಂಟಿಮೀಟರ್ ದೂರದಲ್ಲಿ ಮಂಗಳದ ಬಿಂದು ಇಡಿ. ಸೂರ್ಯ–ಮಂಗಳ ಗೆರೆ ವೃತ್ತವನ್ನು ಕಡಿಯುವಲ್ಲಿ ವಿಯುತಿಯ ದಿನದ ಭೂಮಿ. ಅಲ್ಲಿಂದ ಹಿಂದಕ್ಕೆ 43 ಡಿಗ್ರಿಗೊಂದರಂತೆ ಬಿಂದುಗಳನ್ನು ಗುರುತಿಸಿ. ಪ್ರತಿಯೊಂದರಿಂದಲೂ ಸೂರ್ಯನಿಗೆ ಒಂದು, ಮಂಗಳಕ್ಕೆ ಒಂದು ಗೆರೆ ಎಳೆದು ನಡುವಿನ ಕೋನ ಅಳೆಯಿರಿ. ಮೊದಲನೆಯದರಲ್ಲಿ 96 ಡಿಗ್ರಿ ಬಂತೇ? ಬರದಿದ್ದರೆ ಅಂಕಿಯನ್ನು ತಿದ್ದಬೇಡಿ. ಬಂದದ್ದನ್ನು ಹಾಗೆಯೇ ಬರೆದಿಡಿ, ಆಮೇಲೆ ತಪ್ಪು ಎಲ್ಲಿ ಹೊಕ್ಕಿತೆಂದು ಹುಡುಕಿ. ಕೈವಾರದ ಮುಳ್ಳು ಜಾರಿರಬಹುದು, ಕೋನಮಾಪಕದ ನಡು ಬಿಂದುವಿನ ಮೇಲೆ ಕೂತಿರಲಿಕ್ಕಿಲ್ಲ. ಆ ಹುಡುಕಾಟದಲ್ಲಿ ಕಳೆದ ಅರ್ಧ ಗಂಟೆ ವ್ಯರ್ಥವಾಗುವುದಿಲ್ಲ.